ಕ್ರಿಸ್‌ಮಸ್ ಊಟದ ಪಟ್ಟಿ ಮತ್ತು ಒಂದು ಚಪಾತಿಯ ಕಥೆ

ನಾನು ಬರಹಗಾರ ಅಲ್ಲ. ಉಡುಪಿ ಕಡೆಯವನು, ಸರಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಊರಲ್ಲಿ ಸ್ವಲ್ಪ ಕಾಲ ವೈರಿಂಗ್ ಕೆಲಸ ಮಾಡಿ, ಏಳು ವರ್ಷದ ಹಿಂದೆ ನೈರೋಬಿಗೆ ಬಂದವನು. ಸಂಚಿಕೆಗೆ ಏನಾದರೂ ಬರೆಯಲೇಬೇಕು ಅಂತ ನಮ್ಮ ಕಾರ್ಯದರ್ಶಿಗಳು ಪಟ್ಟು ಹಿಡಿದರು. ಬರೆಯಲು ಕೂತಾಗ ಕೈಯಲ್ಲಿ ಇದ್ದದ್ದು ಕ್ರಿಸ್‌ಮಸ್ ಅಡುಗೆಯ ಪಟ್ಟಿ. ಅದರಿಂದಲೇ ಶುರು ಮಾಡುತ್ತೇನೆ.

ಈ ವರ್ಷವೂ ಊರಿಗೆ ಹೋಗಲು ಆಗುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲೇ ಹದಿನೆಂಟು ಜನರಿಗೆ ಊಟ. ನಾನು ಮತ್ತು ಹೆಂಡತಿ ಬರೆದ ಪಟ್ಟಿ ಇಷ್ಟು: ಸನ್ನ, ಹಂದಿ ಬಾಫತ್, ಕೋಳಿ ಸುಕ್ಕ, ಮತ್ತೆ ಕುಸ್ವಾರಿನಲ್ಲಿ ನೆವ್ರಿ, ಕಿಡಿಯೋ, ಚಕ್ಕುಲಿ. ಪೂರ್ತಿ ಊರಿನ ಊಟ. ಸೈಟಿನಲ್ಲಿ ಮಧ್ಯಾಹ್ನ ಇದನ್ನು ನನ್ನ ಸಹಾಯಕನಿಗೆ ಓದಿ ಹೇಳಿದೆ. ಅವನು ಕಾಕಮೆಗಾ ಕಡೆಯವನು. ಡಿಸೆಂಬರಿನಲ್ಲಿ ಬಸ್ ಚಾರ್ಜು ಏರುವುದರಿಂದ ಈ ಸಲ ಹೆಂಡತಿ ಮಕ್ಕಳ ಜೊತೆ ಊರಿಗೆ ಹೋಗುತ್ತಿಲ್ಲ, ನಮ್ಮಲ್ಲಿಗೇ ಬರುತ್ತಾನೆ. ಅವನು ಕೇಳಿ ಸುಮ್ಮನಾದ. ಆಮೇಲೆ ಮೆಲ್ಲಗೆ ಕೇಳಿದ: "ಬಾಸ್, ಚಪಾತಿ ಇಲ್ವಾ? ಚಪಾತಿ ಇಲ್ಲದೆ ಎಂಥ ಕ್ರಿಸ್‌ಮಸ್?"

ನನಗೆ ನಗು ಬಂತು. ನಮ್ಮೂರಲ್ಲಿ ಚಪಾತಿ ಅಂದರೆ ಸಕ್ಕರೆ ಕಾಯಿಲೆ ಇರುವವರ ರಾತ್ರಿ ಊಟ. ಹಬ್ಬದ ದಿನ ಚಪಾತಿ ಇಟ್ಟರೆ ನೆಂಟರು ಏನಂದುಕೊಂಡಾರು! ಅವನು ನಗಲಿಲ್ಲ. ಚಿಕ್ಕವನಿದ್ದಾಗ ಮನೆಯಲ್ಲಿ ಗೋಧಿ ಹಿಟ್ಟು ತರುತ್ತಿದ್ದದ್ದು ವರ್ಷಕ್ಕೊಮ್ಮೆಯಂತೆ, ಕ್ರಿಸ್‌ಮಸ್ಸಿಗೆ. ಅವನಮ್ಮ ಚಪಾತಿ ಎಣಿಸಿ ಪಾತ್ರೆಗೆ ಹಾಕಿ ಬಟ್ಟೆ ಮುಚ್ಚಿಡುತ್ತಿದ್ದರಂತೆ, ಒಬ್ಬೊಬ್ಬ ಮಗುವಿಗೆ ಎರಡು. "ಅದು ನಮ್ಮ ಊಟ. ನೀವೂ ಮಾಡ್ತೀರಾ?" ಅಂತ ಕೇಳಿದ.

ಆ "ನಮ್ಮ" ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಭಾನುವಾರ ಆರು ವರ್ಷದ ಮಗಳನ್ನು ಕರೆದುಕೊಂಡು ಇಲ್ಲಿಯ ರೈಲ್ವೆ ಮ್ಯೂಸಿಯಂಗೆ ಹೋದೆ. ಮೊದಲು ಒಮ್ಮೆ ಹೋಗಿದ್ದಾಗ ಎಂಜಿನ್ ಮಾತ್ರ ನೋಡಿ ಬಂದಿದ್ದೆ. ಈ ಸಲ ಮನುಷ್ಯರನ್ನು ನೋಡಿದೆ.

ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ಉಗಾಂಡಾ ರೈಲ್ವೆ ಕೆಲಸ ಶುರುವಾದದ್ದು 1896ರಲ್ಲಿ. ಹಳಿ ನೈರೋಬಿ ಮುಟ್ಟಿದ್ದು 1899ರ ಮೇ ತಿಂಗಳಲ್ಲಿ. ಆಗ ಇಲ್ಲಿ ಊರೇ ಇರಲಿಲ್ಲ. ಮಸಾಯಿ ಜನ ತಣ್ಣೀರಿನ ಜಾಗ ಅಂತ ಕರೆಯುತ್ತಿದ್ದ ಜೌಗು ಬಯಲು ಅಷ್ಟೆ. 1901ರ ಕೊನೆಗೆ ಹಳಿ ಸರೋವರ ತಲುಪಿತು. ಈ ಕೆಲಸಕ್ಕೆ ಇಂಡಿಯಾದಿಂದ ಸುಮಾರು 32,000 ಜನರನ್ನು ಕರಾರಿನ ಮೇಲೆ ತಂದರು. ಹೆಚ್ಚಿನವರು ಪಂಜಾಬಿನವರು, ಕರಾಚಿಯಲ್ಲಿ ಹಡಗು ಹತ್ತಿದವರು. ಮಣ್ಣು ಹೊರುವವರು ಮಾತ್ರ ಅಲ್ಲ. ಕಲ್ಲು ಕೆಲಸದವರು, ಬಡಗಿಗಳು, ಕಮ್ಮಾರರು ಎಲ್ಲ ಇದ್ದರು. ನಮ್ಮ ಐಟಿಐ ಟ್ರೇಡುಗಳ ಪಟ್ಟಿ ಓದಿದ ಹಾಗೇ ಆಯ್ತು. ಸುಮಾರು 2,500 ಜನ ಸತ್ತರು. ಸಾವೋದ ಸಿಂಹಗಳ ಕಥೆ ನಮಗೆಲ್ಲ ಗೊತ್ತು, ಆದರೆ ಸಿಂಹಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತಿಂದದ್ದು ಕಾಯಿಲೆ. ಕೆಲಸ ಮುಗಿದ ಮೇಲೆ ಹೆಚ್ಚಿನವರು ವಾಪಸ್ ಹೋದರು. ಇಲ್ಲೇ ಉಳಿದವರು ಏಳು ಸಾವಿರಕ್ಕಿಂತ ಕಡಿಮೆ.

ಇವರು ಊಟಕ್ಕೆ ಏನು ಮಾಡಿದರು? ತಮ್ಮ ಊಟ ತಾವೇ ಬೇಯಿಸಿಕೊಂಡರು. ಕರಾಚಿಯ ಎ. ಎಂ. ಜೀವನ್‌ಜಿ ಅನ್ನುವ ವ್ಯಾಪಾರಿ ರೈಲ್ವೆಗೆ ಆಳುಗಳನ್ನೂ ಆಹಾರ ಸಾಮಾನನ್ನೂ ಒದಗಿಸುವ ಗುತ್ತಿಗೆ ಹಿಡಿದಿದ್ದರು. ಪೇಟೆಯ ಜೀವನ್‌ಜಿ ಗಾರ್ಡನ್ಸ್ ಅವರದೇ ಹೆಸರಿನದು. ಹಳಿ ಮುಂದೆ ಹೋದಂತೆ ಅದರ ಹಿಂದೆಯೇ ಗುಜರಾತಿ ಅಂಗಡಿಗಳು ಬಂದವು. ಇಲ್ಲಿ ಅಂಗಡಿಗೆ "ದುಕಾ" ಅನ್ನುತ್ತಾರಲ್ಲ, ಅದು ನಮ್ಮ ಕಡೆಯ "ದುಕಾನ್" ಪದವೇ. ಹಿಟ್ಟು ಸಿಕ್ಕಿದ್ದು ಆ ದುಕಾಗಳಲ್ಲಿ. ಲಟ್ಟಿಸುವುದನ್ನು ಇಲ್ಲಿಯ ಜನ ಕಲಿತದ್ದು ಇಂಡಿಯನ್ ಮನೆಗಳ ಅಡುಗೆ ಕೋಣೆಯಲ್ಲಿ, ಕೆಲಸಕ್ಕಿದ್ದಾಗ. ಕಲಿತ ಮೇಲೆ ತಮ್ಮದೇ ರೀತಿ ಮಾಡಿಕೊಂಡರು. ಮೈದಾ ಹಿಟ್ಟು, ಕೈತುಂಬ ಎಣ್ಣೆ, ಸುರುಳಿ ಸುತ್ತಿ ಮತ್ತೆ ಲಟ್ಟಿಸಿ ಪದರ ಪದರ. ನಮ್ಮ ಕಣ್ಣಿಗೆ ಅದು ಪರೋಟಾ. ಪಿಲಾವು, ಸಂಬೂಸಾ, ಕಚುಂಬರಿ ಎಲ್ಲ ಹೀಗೇ ಸಮುದ್ರ ದಾಟಿ ಬಂದು ಸ್ವಾಹಿಲಿ ಆದವು. ಪಿಲಾವಿಗೆ ಹಾಕುವ ಮ್ವೇಯಾದ ಪಿಶೋರಿ ಅಕ್ಕಿಯ ಹೆಸರು ಕೂಡ ಪೇಶಾವರದಿಂದ ಬಂದದ್ದು ಅನ್ನುತ್ತಾರೆ.

ಮ್ಯೂಸಿಯಂನಲ್ಲಿ ಕೂಲಿಗಳ ಫೋಟೋ ಮುಂದೆ ನಿಂತು ಇದನ್ನು ಮಗಳಿಗೆ ಹೇಳಿದೆ. ಅವಳು ಕೇಳಿದಳು, "ಪಪ್ಪಾ, ಇದರಲ್ಲಿ ಚಪಾತಿ ತಂದವರು ಯಾರು?" ಫೋಟೋದಲ್ಲಿ ಪೇಟ ಕಟ್ಟಿದವರ ಸಾಲು ಇತ್ತು, ಕೆಳಗೆ ಯಾರ ಹೆಸರೂ ಇರಲಿಲ್ಲ. "ಎಲ್ಲರೂ" ಅಂದೆ.

ಮನೆಗೆ ಬಂದು ನಮ್ಮ ಪಟ್ಟಿಯನ್ನು ಮತ್ತೆ ನೋಡಿದೆ. "ಪೂರ್ತಿ ಊರಿನ ಊಟ" ಅಂತ ಬರೆದಿದ್ದೆವಲ್ಲ, ಅದು ಎಷ್ಟು ಊರಿನದು? ಬಾಫತ್ ಮಸಾಲೆಯ ಜೀವ ಒಣಮೆಣಸು. ಮೆಣಸು ಹುಟ್ಟಿದ್ದು ಅಮೆರಿಕದಲ್ಲಿ, ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಇಲ್ಲಿಯ ಉಗಾಲಿ ಮಾಡುವ ಜೋಳವೂ ಅಮೆರಿಕದ್ದೇ, ಅದನ್ನೂ ಪೋರ್ಚುಗೀಸರೇ ಆಫ್ರಿಕಾಕ್ಕೆ ತಂದರು. ಕೊಂಕಣಿಯಲ್ಲಿ ಕ್ರಿಸ್‌ಮಸ್ಸಿಗೆ "ನತಾಲ್" ಅನ್ನುತ್ತೇವೆ, ಅದು ಪೋರ್ಚುಗೀಸ್ ಪದ. ವಾಸ್ಕೋ ಡ ಗಾಮ 1497ರ ಕ್ರಿಸ್‌ಮಸ್ ದಿನ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿದ್ದ. ಆ ಕಾರಣಕ್ಕೆ ಆ ನೆಲಕ್ಕೆ ನಟಾಲ್ ಅನ್ನುವ ಹೆಸರು ಬಿತ್ತು. 1498ರ ಏಪ್ರಿಲ್‌ನಲ್ಲಿ ಅವನು ನಮ್ಮ ಕೆನ್ಯಾದ ಮಾಲಿಂಡಿಗೆ ಬಂದ, ಅಲ್ಲಿಂದ ದಾರಿ ಗೊತ್ತಿದ್ದವನೊಬ್ಬನನ್ನು ಕರೆದುಕೊಂಡು ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ಮಲ್ಪೆಯ ಎದುರಿನ ಸೈಂಟ್ ಮೇರಿಸ್ ದ್ವೀಪಕ್ಕೆ ಹೆಸರು ಬಂದದ್ದೂ ಅವನಿಂದಲೇ ಅಂತ ನಮ್ಮೂರಲ್ಲಿ ಹೇಳಿಕೆ ಇದೆ. ಮಾಲಿಂಡಿಗೂ ಮಲ್ಪೆಗೂ ನಡುವೆ ಇರುವುದು ಒಂದೇ ಸಮುದ್ರ. ಬಾಫತ್ ನಮ್ಮದು ಅನ್ನಲು ನನಗೆ ಎಷ್ಟು ಹಕ್ಕಿದೆಯೋ, ಚಪಾತಿ ನಮ್ಮದು ಅನ್ನಲು ನನ್ನ ಸಹಾಯಕನಿಗೂ ಅಷ್ಟೇ ಹಕ್ಕಿದೆ.

ಆದರೆ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಊಟವನ್ನು ಈ ನಾಡು ಬೇಗ ಒಪ್ಪಿಕೊಂಡಿತು, ತಂದವರನ್ನು ಅಷ್ಟು ಬೇಗ ಅಲ್ಲ. ಕನ್ನಡಿಗರಾದ ನಾವು ನೆನಪಿಡಬೇಕಾದ ಇಬ್ಬರಿದ್ದಾರೆ. ಒಬ್ಬರು ಪಿಯೊ ಗಾಮ ಪಿಂಟೊ. 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದವರು, ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಕೆನ್ಯಾ ಸ್ವಾತಂತ್ರ್ಯಕ್ಕಾಗಿ ವರ್ಷಗಟ್ಟಲೆ ಬಂಧನದಲ್ಲಿದ್ದರು, ಆಮೇಲೆ ಪಾರ್ಲಿಮೆಂಟ್ ಸದಸ್ಯರಾದರು. 1965ರ ಫೆಬ್ರವರಿ 24ರಂದು ಅವರನ್ನು ಮನೆಯ ಗೇಟಿನ ಹತ್ತಿರವೇ ಗುಂಡಿಟ್ಟು ಕೊಂದರು. ಇನ್ನೊಬ್ಬರು ಅವರ ಗೆಳೆಯ ಜೋಸೆಫ್ ಮುರುಂಬಿ. ತಂದೆ ಗೋವಾದವರು, ತಾಯಿ ಮಸಾಯಿ. ಶಾಲೆ ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯಲ್ಲಿ. 1966ರಲ್ಲಿ ಅವರು ಈ ದೇಶದ ಉಪಾಧ್ಯಕ್ಷರಾದರು, ಅದೇ ವರ್ಷ ಆ ಹುದ್ದೆ ಬಿಟ್ಟರು.

ಮರುವರ್ಷ, 1967ರಲ್ಲಿ, ಪೌರತ್ವ ತೆಗೆದುಕೊಳ್ಳದವರಿಗೆ ವರ್ಕ್ ಪರ್ಮಿಟ್ ಬೇಕು ಅನ್ನುವ ಕಾನೂನು ಬಂತು. ಸಾವಿರಾರು ಇಂಡಿಯನ್ ಕುಟುಂಬಗಳು ಮನೆ ಮಾರಿ ಬ್ರಿಟನ್ನಿಗೆ ಹೊರಟವು. 1968ರಲ್ಲಿ ಬ್ರಿಟನ್ ಕೂಡ ಬಾಗಿಲು ಅರ್ಧ ಮುಚ್ಚಿತು. ಅವರು ಹೋದರು, ಚಪಾತಿ ಉಳಿಯಿತು. ಕೊನೆಗೆ 2017ರ ಜುಲೈಯಲ್ಲಿ ಕೆನ್ಯಾ ಸರಕಾರ ಇಲ್ಲಿಯ ಏಷ್ಯನ್ ಸಮುದಾಯವನ್ನು ದೇಶದ 44ನೇ ಬುಡಕಟ್ಟು ಅಂತ ಮಾನ್ಯ ಮಾಡಿತು. ಹಳಿ ನೈರೋಬಿ ಮುಟ್ಟಿ 118 ವರ್ಷ ಆದ ಮೇಲೆ.

ನಾವಂತೂ ಪರ್ಮಿಟ್‌ನವರು. ನನ್ನದು ಬರುವ ವರ್ಷ ಮುಗಿಯುತ್ತದೆ, ರಿನ್ಯೂ ಆದರೆ ಆಯಿತು, ಇಲ್ಲದಿದ್ದರೆ ಊರು. ಮಗಳು ಹುಟ್ಟಿದ್ದು ಇಲ್ಲಿ. ಕನ್ನಡಕ್ಕಿಂತ ಸ್ವಾಹಿಲಿ ಅವಳ ನಾಲಿಗೆಗೆ ಸಲೀಸು. ನಾಳೆ ಊರಿಗೆ ಹೋದರೆ ಅವಳು ಅಜ್ಜಿಯ ಹತ್ತಿರ ಕ್ರಿಸ್‌ಮಸ್ಸಿಗೆ ಚಪಾತಿ ಕೇಳಿಯೇ ಕೇಳುತ್ತಾಳೆ. ಅಜ್ಜಿ ನಗಬಾರದು, ಅದಕ್ಕೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಈಗ ಪಟ್ಟಿಗೆ ಬರೋಣ. ಬರುವವರಲ್ಲಿ ಶಿವಮೊಗ್ಗದ ಒಂದು ಕುಟುಂಬ ಸಸ್ಯಾಹಾರಿ. ಹುಬ್ಬಳ್ಳಿಯ ಗೆಳೆಯರು ಮುಸ್ಲಿಮರು, ಹಂದಿ ಮುಟ್ಟುವುದಿಲ್ಲ. ಬಾಫತ್ ಪಾತ್ರೆ, ಸೌಟು ಎಲ್ಲ ಬೇರೆ, ಬಾಲ್ಕನಿಯ ಮೇಜಿನ ಮೇಲೆ. ಆಡು ಹಲಾಲ್ ಅಂಗಡಿಯದು, ನ್ಯಾಮಾ ಚೋಮಾ ಸುಡುವ ಜವಾಬ್ದಾರಿ ನನ್ನ ಸಹಾಯಕನದು. ಸನ್ನಕ್ಕೆ ಊರಲ್ಲಿ ಹಾಕುವ ಶೇಂದಿ ಇಲ್ಲಿಯೂ ಕರಾವಳಿಯಲ್ಲಿ "ಮ್ನಾಜಿ" ಹೆಸರಲ್ಲಿ ಇದೆ, ಆದರೆ ನೈರೋಬಿವರೆಗೆ ತರಿಸುವುದು ಕಷ್ಟ, ಹಾಗಾಗಿ ಯೀಸ್ಟ್. ರಾತ್ರಿಯ ಚಳಿಗೆ ಹಿಟ್ಟು ಹುದುಗುವುದಿಲ್ಲ ಅಂತ ಹೆಂಗಸರೆಲ್ಲ ದೂರುತ್ತಾರೆ. ನನ್ನ ಉಪಾಯ ಇಷ್ಟೆ: ಆಫ್ ಮಾಡಿದ ಓವನ್ನಿನೊಳಗೆ ಹಿಟ್ಟಿಟ್ಟು ಒಳಗಿನ ಬಲ್ಬು ಮಾತ್ರ ಹಚ್ಚಿ ಬಿಡಿ, ಬೆಳಿಗ್ಗೆ ಉಬ್ಬಿರುತ್ತದೆ. ಇನ್ನೊಂದು ಮಾತು, ಇದು ಕಸುಬಿನವನ ಮಾತು. ಹಬ್ಬದ ಬೆಳಿಗ್ಗೆ ಓವನ್ ಉರಿಯುವಾಗ ಸ್ನಾನದ ಇನ್‌ಸ್ಟಂಟ್ ಶವರ್ ಹಾಕಬೇಡಿ. ಎರಡೂ ಸೇರಿ ಬ್ರೇಕರಿನ ಮಿತಿ ದಾಟಿದರೆ ಅದು ಬೀಳುತ್ತದೆ. ಇಲ್ಲಿ ನನಗೆ "ಫುಂಡಿ ವಾ ಸ್ಟೀಮಾ" ಅನ್ನುತ್ತಾರೆ, ಕರೆಂಟ್ ಮೇಸ್ತ್ರಿ ಅಂತ ಅರ್ಥ. ಆ ದಿನ ದಯವಿಟ್ಟು ನನ್ನನ್ನು ಕರೆಯಬೇಡಿ!

ಕೊನೆಗೆ ನೋಡಿದರೆ, ಆ ಹದಿನೆಂಟು ಜನರೂ ತಿನ್ನಬಹುದಾದ ತಿನಿಸುಗಳಲ್ಲಿ ಎರಡು ಇವು. ಒಂದು ಹೆಸರುಕಾಳಿನ ಪಲ್ಯ, ಇಲ್ಲಿಯ ಎನ್‌ಡೆಂಗು. ಇನ್ನೊಂದು ಚಪಾತಿ. ಹೆಂಡತಿ ಪೆನ್ನು ತೆಗೆದುಕೊಂಡು ಪಟ್ಟಿಯ ಮೇಲ್ಗಡೆ, ಸನ್ನಕ್ಕಿಂತ ಮೊದಲು, ಚಪಾತಿ ಅಂತ ಬರೆದಳು. ಎಷ್ಟು ಅಂತ ಸಹಾಯಕನಿಗೆ ಫೋನ್ ಮಾಡಿ ಕೇಳಿದೆ. "ಈ ಸಲ ಎಣಿಸಬೇಡಿ ಬಾಸ್" ಅಂದ.

ಎಲ್ಲರಿಗೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಶುಭಾಶಯಗಳು. ಊರಿಗೆ ಹೋಗದೆ ಇಲ್ಲೇ ಉಳಿದವರು ನಮ್ಮ ಮನೆಗೆ ಬನ್ನಿ. ಹಿಟ್ಟು ಸ್ವಲ್ಪ ಜಾಸ್ತಿಯೇ ಕಲಸುತ್ತೇವೆ.