ಹಲಾಲ್ ವಿಜ್ಞಾನ

ಆಹಾರ, ಔಷಧ, ಪ್ರಸಾಧನ ಸಾಮಗ್ರಿಗಳು ಇಸ್ಲಾಮಿನ ಹಲಾಲ್ ನಿಯಮಗಳಿಗೆ ಒಪ್ಪುತ್ತವೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಪರಿಶೀಲಿಸುವ ಅಧ್ಯಯನ ಕ್ಷೇತ್ರ. ಮುಖ್ಯವಾಗಿ ಆಗ್ನೇಯ ಏಷ್ಯದಲ್ಲಿ ಬೆಳೆದಿದೆ.

ಬೆಳವಣಿಗೆ: ಇಂಡೊನೇಷ್ಯದ ಹಲವು ಸಿದ್ಧ ಆಹಾರಗಳಲ್ಲಿ ಹಂದಿಮೂಲದ ಪದಾರ್ಥಗಳಿರುವ ಶಂಕೆಯನ್ನು 1988ರಲ್ಲಿ ಬ್ರವಿಜಯ ವಿಶ್ವವಿದ್ಯಾಲಯದ ಸಂಶೋಧನೆಯೊಂದು ಎತ್ತಿತು. ಮರುವರ್ಷ ಅಲ್ಲಿನ ಉಲೇಮಾ (ಧರ್ಮವಿದ್ವಾಂಸರ) ಮಂಡಳಿ ಪರೀಕ್ಷಾ ಸಂಸ್ಥೆಯನ್ನು ಸ್ಥಾಪಿಸಿತು. 2014ರಲ್ಲಿ ಹಲಾಲ್ ಉತ್ಪನ್ನ ಖಾತರಿ ಕಾನೂನು ಬಂತು. ಮಲೇಷ್ಯದ ಪುತ್ರ ವಿಶ್ವವಿದ್ಯಾಲಯ, ಬ್ಯಾಂಕಾಕಿನ ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಸಂಶೋಧನಾ ಕೇಂದ್ರಗಳಿವೆ.

ವಿಧಾನಗಳು: ಮಾಂಸ ಯಾವ ಪ್ರಾಣಿಯದೆಂದು ಪಿಸಿಆರ್ ಮೂಲಕ ಡಿಎನ್‌ಎ ಪರೀಕ್ಷೆ ತಿಳಿಸುತ್ತದೆ. ಜೀವಕೋಶದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಪ್ರತಿಗಳು ಹೇರಳವಾಗಿರುವುದರಿಂದ ಬೇಯಿಸಿದ ಆಹಾರದಲ್ಲೂ ಅದನ್ನು ಗುರುತಿಸಬಹುದು. ಹಂದಿಕೊಬ್ಬಿನ ಬೆರಕೆಯನ್ನು ಪತ್ತೆಹಚ್ಚಲು ಅವಕೆಂಪು ರೋಹಿತಮಾಪನ ಬಳಸುತ್ತಾರೆ. ಜೆಲಟಿನ್ ತಯಾರಿಕೆಯಲ್ಲಿ ಡಿಎನ್‌ಎ ಬಹುಪಾಲು ನಾಶವಾಗುತ್ತದೆ. ಜೆಲಟಿನ್‌ಗೆ ಮೂಲವಾದ ಕೊಲಾಜೆನ್‌ನ ರಚನೆಯೂ ಹಂದಿ, ದನಗಳಲ್ಲಿ ತೀರ ಹತ್ತಿರದ್ದು. ಹೀಗಾಗಿ ಪೆಪ್ಟೈಡುಗಳ ಸೂಕ್ಷ್ಮ ವ್ಯತ್ಯಾಸವನ್ನು ದ್ರವ್ಯರಾಶಿ ರೋಹಿತಮಾಪನದಿಂದ ಹುಡುಕಬೇಕಾಗುತ್ತದೆ.

ಶಾಸ್ತ್ರಚರ್ಚೆ: ನಿಷಿದ್ಧ ವಸ್ತು ಪೂರ್ಣ ರೂಪಾಂತರಗೊಂಡರೆ ಶುದ್ಧವಾಗುತ್ತದೆ ಎಂಬುದು ‘ಇಸ್ತಿಹಾಲ’ ತತ್ತ್ವ. ಮದ್ಯ ತಾನಾಗಿ ವಿನಿಗರ್ ಆದರೆ ಸಮ್ಮತವೆಂಬುದರಲ್ಲಿ ಭಿನ್ನಮತವಿಲ್ಲ. ಹಂದಿಯ ಜೆಲಟಿನ್ ವಿಷಯದಲ್ಲಿ ಒಮ್ಮತವಿಲ್ಲ: ಹನಫಿ, ಮಾಲಿಕಿ ಪಂಥಗಳು ಈ ತತ್ತ್ವವನ್ನು ವಿಶಾಲವಾಗಿ ಅನ್ವಯಿಸಿದರೆ ಶಾಫಿ ಪಂಥ ಮಿತವಾಗಿ ಒಪ್ಪುತ್ತದೆ.

ಮಿತಿ: ಡಿಎನ್‌ಎ ಪರೀಕ್ಷೆ ಪ್ರಾಣಿಯ ಜಾತಿಯನ್ನು ತೋರಿಸುತ್ತದೆಯೇ ಹೊರತು ವಧೆಯ ಕ್ರಮವನ್ನಲ್ಲ. ಆದ್ದರಿಂದ ಕಸಾಯಿಖಾನೆಯ ತಪಾಸಣೆ, ದಾಖಲೆ ಪರಿಶೀಲನೆಗಳು ಪ್ರಮಾಣೀಕರಣಕ್ಕೆ ಇಂದಿಗೂ ಅಗತ್ಯ.