ಪಿಟಾಪಿಟ್‌ನ ಎರಡು ಫೋಟೊಗಳು: ಫಿಲಿಪ್ಪೀನ್ಸ್‌ನ ಛಾಯಾಚಿತ್ರ ಚರಿತ್ರೆಯ ಒಂದು ಅಧ್ಯಯನ

1914ರಲ್ಲಿ ಪ್ರಕಟವಾದ ‘ದಿ ಫಿಲಿಪ್ಪೀನ್ಸ್ ಪಾಸ್ಟ್ ಅಂಡ್ ಪ್ರೆಸೆಂಟ್’ ಎಂಬ ಎರಡು ಸಂಪುಟಗಳ ಗ್ರಂಥದಲ್ಲಿ ಒಬ್ಬನೇ ವ್ಯಕ್ತಿಯ ಎರಡು ಫೋಟೊಗಳನ್ನು ಜೊತೆಗಿಟ್ಟು ಅಚ್ಚು ಹಾಕಲಾಗಿದೆ. ಮೊದಲನೆಯದರಲ್ಲಿ ಉತ್ತರ ಲುಜೋನ್‌ನ ಬೆಟ್ಟಸೀಮೆಯ ಬೊಂಟೊಕ್ ಇಗೊರೊಟ್ ಹುಡುಗ ಪಿಟಾಪಿಟ್ ತನ್ನ ಜನರ ಉಡುಗೆಯಲ್ಲಿದ್ದಾನೆ. ಒಂಬತ್ತು ವರ್ಷಗಳ ನಂತರದ ಎರಡನೆಯ ಚಿತ್ರದಲ್ಲಿ ಅವನು ಪಾಶ್ಚಾತ್ಯ ಉಡುಪು ತೊಟ್ಟ ತರುಣ. ‘ಬೊಂಟೊಕ್ ಇಗೊರೊಟ್ ಒಬ್ಬನ ರೂಪಾಂತರ’ ಎಂಬುದು ಅಡಿಬರಹ. ಗ್ರಂಥಕರ್ತ ಡೀನ್ ವೂಸ್ಟರ್, ಫಿಲಿಪ್ಪೀನ್ಸ್‌ನ ಅಮೆರಿಕನ್ ಸರ್ಕಾರದಲ್ಲಿ 1901ರಿಂದ 1913ರವರೆಗೆ ಒಳಾಡಳಿತ ಕಾರ್ಯದರ್ಶಿಯಾಗಿದ್ದವನು. ಆ ದ್ವೀಪಗಳ ಗುಡ್ಡಗಾಡು ಜನರನ್ನು ಹೊರಜಗತ್ತು ಬಹುಕಾಲ ನೋಡಿದ್ದು ಅವನ ಮತ್ತು ಅವನ ಸಹಾಯಕರ ಕ್ಯಾಮೆರಾದ ಮೂಲಕ.

ವೂಸ್ಟರ್ ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞ ಎಂಬುದನ್ನು ಈ ಅಧ್ಯಯನದಲ್ಲಿ ಮರೆಯುವಂತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, 1887ರಲ್ಲಿ, ಪ್ರಾಧ್ಯಾಪಕ ಜೋಸೆಫ್ ಸ್ಟೀರ್ ಅವರ ತಂಡದೊಡನೆ ಅವನು ಮೊದಲ ಬಾರಿ ಫಿಲಿಪ್ಪೀನ್ಸ್‌ಗೆ ಬಂದ. ಮಿಂಡೊರೊ ದ್ವೀಪಕ್ಕೆ ಮಾತ್ರ ಸೀಮಿತವಾದ ಗಿಡ್ಡ ಕಾಡೆಮ್ಮೆ ತಮರಾವ್ ಅನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವರಲ್ಲಿ ಸ್ಟೀರ್ ಕೂಡ ಒಬ್ಬರು. 1890ರಲ್ಲಿ ವೂಸ್ಟರ್ ಗೆಳೆಯ ಫ್ರಾಂಕ್ ಬರ್ನ್ಸ್ ಜೊತೆ ಮತ್ತೆ ಬಂದು ವರ್ಷಗಟ್ಟಲೆ ಹಕ್ಕಿಗಳನ್ನು ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಅಮೆರಿಕಕ್ಕೆ ಸಾಗಿಸಿದ. 1898ರಲ್ಲಿ ಸ್ಪೇನ್ ಸೋತು ದ್ವೀಪಗಳು ಅಮೆರಿಕದ ಕೈಸೇರಿದಾಗ ಅಲ್ಲಿ ಓಡಾಡಿ ಬಂದಿದ್ದ ಅಮೆರಿಕನ್ನರೇ ವಿರಳ. ಅದೇ ವರ್ಷ ಪುಸ್ತಕ ಬರೆದು ಹೆಸರಾಗಿದ್ದ ವೂಸ್ಟರ್‌ನನ್ನು ಅಧ್ಯಕ್ಷ ಮೆಕಿನ್ಲಿ ಫಿಲಿಪ್ಪೀನ್ಸ್ ಆಯೋಗಕ್ಕೆ ನೇಮಿಸಿದ. ಹಕ್ಕಿಗಳ ಜಾತಿ ವಿಂಗಡಿಸುತ್ತಿದ್ದವನ ಕೈಗೆ ಈಗ ಜನರನ್ನು ವಿಂಗಡಿಸುವ ಅಧಿಕಾರ ಬಂತು.

ಅವನ ಸಂಗ್ರಹದ ರೀತಿ ಇದನ್ನು ಸಾರಿ ಹೇಳುತ್ತದೆ. ಚಿತ್ರಗಳನ್ನು ಬುಡಕಟ್ಟುವಾರು ವಿಂಗಡಿಸಿ ಅಂಕೆ ಹಾಕಲಾಗಿದೆ. ಒಬ್ಬನೇ ಮನುಷ್ಯನನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಯಲಾಗಿದೆ. ಎತ್ತರದ ಅಂತರ ಕಾಣಲೆಂದು ಕುಳ್ಳಗಿನ ನೆಗ್ರಿಟೊ ವ್ಯಕ್ತಿಯ ಪಕ್ಕ ಸ್ವತಃ ವೂಸ್ಟರ್ ನಿಂತದ್ದೂ ಇದೆ. ಅಡಿಬರಹಗಳಲ್ಲಿ ಬುಡಕಟ್ಟಿನ ಹೆಸರಿರುತ್ತದೆ, ವ್ಯಕ್ತಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ದೇಶದಲ್ಲೂ 1868ರಿಂದ 1875ರವರೆಗೆ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಎಂಟು ಸಂಪುಟಗಳು ಇದೇ ದಾರಿ ಹಿಡಿದಿದ್ದವು. ವೂಸ್ಟರ್‌ನ ವಿಶೇಷವೆಂದರೆ, ಆಳುವವನೂ ಫೋಟೊ ತೆಗೆಯುವವನೂ ಅವನೊಬ್ಬನೇ.

ಈ ಚಿತ್ರಗಳಿಗೆ ರಾಜಕೀಯ ಕೆಲಸವೂ ಇತ್ತು. 1905ರ ಏಪ್ರಿಲ್‌ನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಫಿಲಿಪ್ಪೀನ್ಸ್‌ನ ಜನಗಣತಿ ವರದಿಯಿಂದ ಆಯ್ದ ಫೋಟೊಗಳನ್ನು ಪುಟಗಟ್ಟಲೆ ಪ್ರಕಟಿಸಿ ಅಮೆರಿಕದ ಓದುಗರನ್ನು ಬೆರಗುಗೊಳಿಸಿತು. 1912 ಮತ್ತು 1913ರಲ್ಲಿ ವೂಸ್ಟರ್‌ನ ಸಚಿತ್ರ ಲೇಖನಗಳೂ ಅದರಲ್ಲೇ ಬಂದವು. ತಲೆ ಕಡಿಯುವ ಬೆಟ್ಟದ ಜನರನ್ನು ಮುಂದೆ ನಿಲ್ಲಿಸಿ, ಈ ನಾಡು ಸ್ವಾತಂತ್ರ್ಯಕ್ಕೆ ಇನ್ನೂ ಅರ್ಹವಲ್ಲ ಎನ್ನುವುದು ಅವನ ವಾದ. ಮನಿಲಾದಲ್ಲಿ ಪತ್ರಿಕೆ ನಡೆಸುತ್ತಿದ್ದ, ಕಾದಂಬರಿ ಬರೆಯುತ್ತಿದ್ದ, ವಕೀಲಿ ಮಾಡುತ್ತಿದ್ದ ಫಿಲಿಪಿನೊಗಳು ಆ ಚೌಕಟ್ಟಿನೊಳಗೆ ಬರಲೇ ಇಲ್ಲ. ಇದನ್ನು ಅಜ್ಞಾನವೆಂದು ಬಿಡಲಾಗದು, ಅದು ತಿಳಿದೇ ಮಾಡಿದ ಆಯ್ಕೆ.

ಆ ಫಿಲಿಪಿನೊಗಳೇನೂ ಸುಮ್ಮನಿರಲಿಲ್ಲ. 1908ರ ಅಕ್ಟೋಬರ್ 30ರಂದು ‘ಎಲ್ ರೆನಾಸಿಮಿಯೆಂತೊ’ ಪತ್ರಿಕೆ ‘ಬೇಟೆಹಕ್ಕಿಗಳು’ ಎಂಬ ಅರ್ಥದ ಸ್ಪ್ಯಾನಿಷ್ ಶೀರ್ಷಿಕೆಯಡಿ ಸಂಪಾದಕೀಯ ಬರೆಯಿತು. ಇಗೊರೊಟರ ತಲೆಬುರುಡೆ ಅಳೆಯುವ ನೆಪದಲ್ಲಿ ಬೆಂಗೆಟ್ ಬೆಟ್ಟ ಹತ್ತಿ, ಮೇಲಿಂದ ಚಿನ್ನದ ನಿಕ್ಷೇಪಗಳ ಮೇಲೆ ಕಣ್ಣು ಹಾಕುವ ಅಧಿಕಾರಿಯೊಬ್ಬನ ಚಿತ್ರ ಅದರಲ್ಲಿತ್ತು. ಹೆಸರಿರಲಿಲ್ಲ, ಆದರೂ ಇದು ತನ್ನನ್ನೇ ಕುರಿತದ್ದೆಂದು ವೂಸ್ಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ಪತ್ರಿಕೆ ಮುಚ್ಚಿಹೋಯಿತು. ಸಂಪಾದಕ ತಿಯೊಡೊರೊ ಕಲಾವ್ ಮತ್ತು ಪ್ರಕಾಶಕ ಮಾರ್ಟಿನ್ ಒಕಾಂಪೊಗೆ ಜೈಲುಶಿಕ್ಷೆಯಾಯಿತು. 1914ರಲ್ಲಿ ಗವರ್ನರ್ ಜನರಲ್ ಹ್ಯಾರಿಸನ್ ಕ್ಷಮಾದಾನ ನೀಡಿದ. 1920ರಲ್ಲಿ ಅದೇ ಕಲಾವ್, ವೂಸ್ಟರ್ ಹಿಂದೆ ಕುಳಿತಿದ್ದ ಒಳಾಡಳಿತ ಕಾರ್ಯದರ್ಶಿಯ ಹುದ್ದೆಗೇ ಬಂದರು.

ಆಳುವವರಿಗೆ ಒದಗಿಬರುತ್ತಿದ್ದ ಕ್ಯಾಮೆರಾ ಒಮ್ಮೊಮ್ಮೆ ಅವರ ವಿರುದ್ಧವೂ ಸಾಕ್ಷಿ ನುಡಿಯಿತು. 1906ರ ಮಾರ್ಚ್‌ನಲ್ಲಿ ಜೋಲೊ ದ್ವೀಪದ ಬುಡ್ ಡಾಹೊ ಬೆಟ್ಟದ ಮೇಲೆ ಅಮೆರಿಕನ್ ಸೇನೆ ಹೆಂಗಸರು ಮಕ್ಕಳೂ ಸೇರಿದಂತೆ ನೂರಾರು ಮೋರೊ ಮುಸ್ಲಿಮರನ್ನು ಕೊಂದಿತು. ಹೆಣ ತುಂಬಿದ ಕಂದಕದ ಅಂಚಿನಲ್ಲಿ ಸೈನಿಕರು ನಿಂತಿರುವ ಫೋಟೊ ಉಳಿದುಬಂದಿದೆ. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತನ್ನ ತರಗತಿಯ ಗೋಡೆಗೆ ತೂಗುಹಾಕಬೇಕೆಂದು ಕಪ್ಪು ಅಮೆರಿಕನ್ ಚಿಂತಕ ಡು ಬೋಯಿಸ್ ಬಯಸಿದ್ದರು.

ಇನ್ನು ಪಿಟಾಪಿಟ್. ಬೊಂಟೊಕ್‌ನಲ್ಲಿದ್ದ ಮಿಷನರಿ ವಾಲ್ಟರ್ ಕ್ಲ್ಯಾಪ್ ಅವರ ಆಶ್ರಯದಲ್ಲಿ ಓದಿದ ಆ ಹುಡುಗ ಹಿಲರಿ ಕ್ಲ್ಯಾಪ್ ಎಂಬ ಹೆಸರಿನಿಂದ ವೈದ್ಯರಾದರು. ಇಗೊರೊಟರಲ್ಲಿ ವೈದ್ಯರಾದ ಮೊದಲಿಗರಲ್ಲಿ ಅವರು ಒಬ್ಬರು. ಶಾಸನಸಭೆಯಲ್ಲಿ ಪರ್ವತ ಪ್ರಾಂತ್ಯವನ್ನು ಪ್ರತಿನಿಧಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಆಳ್ವಿಕೆಯಡಿ ಆ ಪ್ರಾಂತ್ಯದ ಗವರ್ನರ್ ಆದರು. ಶತ್ರುವಿನೊಡನೆ ಕೈಜೋಡಿಸಿದ ಆರೋಪ ಹೊತ್ತು 1945ರಲ್ಲಿ ಗೆರಿಲ್ಲಾಗಳ ಕೈಯಲ್ಲಿ ಹತರಾದರು. ವೂಸ್ಟರ್‌ನ ಜೋಡಿ ಚಿತ್ರ ಹೇಳುವ ಕತೆಯಲ್ಲಿ ಇದಾವುದಕ್ಕೂ ಜಾಗವಿಲ್ಲ. ಅಲ್ಲಿ ಅವರು ಆಡಳಿತದ ಸಾಧನೆಗೆ ಒಂದು ಪುರಾವೆ, ಅಷ್ಟೇ.

ಫಿಲಿಪಿನೊಗಳು ತಮ್ಮನ್ನು ತಾವೇ ಚಿತ್ರಿಸಿಕೊಂಡ ಪರಂಪರೆ ಅಮೆರಿಕನ್ನರಿಗಿಂತ ಹಳೆಯದು. ಅಂತಿಕೆ ಪ್ರಾಂತ್ಯದ ಪತ್ನೊಂಗೊನ್‌ನಲ್ಲಿ 1866ರಲ್ಲಿ ಹುಟ್ಟಿದ ಫೆಲಿಕ್ಸ್ ಲೌರಿಯಾನೊ 1895ರಲ್ಲಿ ಬಾರ್ಸಿಲೋನಾದಲ್ಲಿ ‘ರೆಕುಯೆರ್ದೊಸ್ ದೆ ಫಿಲಿಪಿನಾಸ್’ ಎಂಬ ಚಿತ್ರಸಂಪುಟ ಪ್ರಕಟಿಸಿದರು. ಕೋಳಿ ಅಂಕ, ಸಂತೆ, ದುಡಿಯುವ ಹೆಂಗಸರು, ಹೀಗೆ ಊರಿನ ದಿನಚರಿಯೇ ಅವರ ವಸ್ತು. ಪ್ರತಿ ಚಿತ್ರದ ಜೊತೆ ಆ ಊರಿನವನೇ ಬರೆದ ವಿವರಣೆ ಇರುವುದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಸಂಗತಿ.

ಬೆಟ್ಟಸೀಮೆಗೆ ಅಂಥ ಕಣ್ಣು ಸಿಕ್ಕಿದ್ದು ಎಡ್ವರ್ಡೊ ಮಸ್ಫೆರೆ ಅವರಲ್ಲಿ. ಅವರು ಹುಟ್ಟಿದ್ದು 1909ರಲ್ಲಿ, ಸಗಾಡಾದಲ್ಲಿ. ತಂದೆ ಸ್ಪೇನ್‌ನವರು, ತಾಯಿ ಅಲ್ಲಿಯದೇ ಕಂಕನಾಯ್ ಜನಾಂಗದವರು. ತಾವಾಗಿಯೇ ಫೋಟೊಗ್ರಫಿ ಕಲಿತು 1934ರಿಂದ 1956ರವರೆಗೆ ಬೊಂಟೊಕ್, ಕಳಿಂಗ ಹಳ್ಳಿಗಳನ್ನು ಸುತ್ತಿದರು, ಬೊಂಟೊಕ್‌ನಲ್ಲಿ ಸ್ಟುಡಿಯೊ ಇಟ್ಟರು. ಮೆಟ್ಟಿಲುಗದ್ದೆಯಲ್ಲಿ ಬಾಗಿದ ಬೆನ್ನುಗಳು, ಹಚ್ಚೆ ಹಾಕಿದ ತೋಳುಗಳು, ಹಬ್ಬದ ಕುಣಿತ ಅವರ ಚಿತ್ರಗಳಲ್ಲೂ ಇವೆ. ಅಳತೆಗೆ ನಿಲ್ಲಿಸಿದ ಬಿಗುವು ಮಾತ್ರ ಅಲ್ಲಿಲ್ಲ. ಎದುರಿಗಿರುವವರು ಪರಿಚಿತನೊಬ್ಬನನ್ನು ನೋಡುತ್ತಿದ್ದಾರೆಂಬುದು ಕಣ್ಣಲ್ಲೇ ತಿಳಿಯುತ್ತದೆ. ಮನಿಲಾ ಅವರನ್ನು ಗುರುತಿಸಿದ್ದು 1980ರ ದಶಕದಲ್ಲಿ. 1988ರಲ್ಲಿ ಪುಸ್ತಕ ಬಂತು, 1995ರಲ್ಲಿ ಅವರು ತೀರಿಕೊಂಡರು.

ಕಾಡುಜೀವಿಗಳ ಚಿತ್ರಣವೂ ಬಂದೂಕಿನಿಂದ ಕ್ಯಾಮೆರಾಕ್ಕೆ ಇಷ್ಟೇ ನಿಧಾನವಾಗಿ ಸರಿಯಿತು. 1896ರಲ್ಲಿ ಸಮರ್ ದ್ವೀಪದಲ್ಲಿ ಹಕ್ಕಿ ಸಂಗ್ರಾಹಕ ಜಾನ್ ವೈಟ್‌ಹೆಡ್‌ಗೆ ಸಿಕ್ಕ ಫಿಲಿಪ್ಪೀನ್ ಹದ್ದು ಲಂಡನ್ ತಲುಪಿದ್ದು ಬರೀ ಚರ್ಮವಾಗಿ. 2008ರ ಹೊತ್ತಿಗೆ ಛಾಯಾಗ್ರಾಹಕ ಕ್ಲಾಸ್ ನಿಗ್ಗೆ ಅದೇ ಹಕ್ಕಿಯನ್ನು ಮಿಂಡನಾವೊ ಕಾಡಿನ ಗೂಡಿನಲ್ಲಿ ಮರಿಯೊಂದಿಗೆ ತೋರಿಸಿದರು. ವೂಸ್ಟರ್‌ನ ಹೆಸರು ಹೊತ್ತ ಹಕ್ಕಿಯ ಗತಿ ಬೇರೆ. ಲಾವಕ್ಕಿಯಂಥ ಆ ಪುಟ್ಟ ಬಟನ್‌ಕ್ವೇಲ್‌ಗೆ 1904ರಲ್ಲಿ ಅವನ ಹೆಸರಿಟ್ಟರು. ಜೀವಂತ ಹಕ್ಕಿಯ ಮೊದಲ ಫೋಟೊ ಸಿಕ್ಕಿದ್ದು 2009ರಲ್ಲಿ, ಲುಜೋನ್‌ನ ಡಾಲ್ಟನ್ ಕಣಿವೆದಾರಿಯಲ್ಲಿ ಬಲೆಗೆ ಬಿದ್ದಾಗ. ಅದು ಯಾವುದೆಂದು ಗುರುತಿಸುವಷ್ಟರಲ್ಲಿ ಹಕ್ಕಿ ಮಾಂಸಕ್ಕೆ ಮಾರಾಟವಾಗಿತ್ತು.

ವೂಸ್ಟರ್‌ನ ಸಾವಿರಾರು ನೆಗೆಟಿವ್‌ಗಳು ಇಂದಿಗೂ ಹೆಚ್ಚಾಗಿ ಅಮೆರಿಕದಲ್ಲೇ ಇವೆ. ಮಿಷಿಗನ್ ವಿಶ್ವವಿದ್ಯಾಲಯ 2021ರಿಂದ ಫಿಲಿಪಿನೊ ಸಮುದಾಯಗಳನ್ನು ಜೊತೆಗೂಡಿಸಿಕೊಂಡು ಈ ಸಂಗ್ರಹವನ್ನು ಮರುಪರಿಶೀಲಿಸುವ ಯೋಜನೆ ಕೈಗೊಂಡಿತು. ಇದು ಸರಿಯಾದ ಹೆಜ್ಜೆ, ಆದರೆ ಸಾಲದು. ಪ್ರತಿಗಳು ಬೊಂಟೊಕ್, ಕಳಿಂಗ, ಇಫುಗಾವೊ ಹಳ್ಳಿಗಳಿಗೆ ಹೋಗಬೇಕು. ಅಜ್ಜ ಅಜ್ಜಿಯರನ್ನು ಗುರುತಿಸಬಲ್ಲವರು ಇರುವಾಗಲೇ ಅಂಕೆಗಳ ಪಕ್ಕದಲ್ಲಿ ಹೆಸರು ಸೇರಬೇಕು, ಅಡಿಬರಹವನ್ನು ಆ ಊರಿನವರೇ ಬರೆಯಬೇಕು.