ಕೃಷಿ ಯಂತ್ರಗಳ ಬೋಲ್ಟ್ ಮತ್ತು ನಟ್‌ಗಳು: ದರ್ಜೆಯನ್ನು ಗುರುತಿಸುವುದು ಹೇಗೆ?

ಅರಸೀಕೆರೆಯ ಕಲ್ಲುಮಿಶ್ರಿತ ಕೆಂಪು ಭೂಮಿಯಲ್ಲಿ ರೋಟವೇಟರ್ ಹಾಯುವಾಗ, ಹಳೇಬೀಡಿನ ಸುತ್ತಲಿನ ಹೊಲಗಳಲ್ಲಿ ಆಲೂಗೆಡ್ಡೆ ಅಗೆಯುವಾಗ, ಬೇಲೂರಿನ ಕಾಫಿ ತೋಟಗಳಲ್ಲಿ ಕಳೆ ಯಂತ್ರ ನಡೆಯುವಾಗ ಉಪಕರಣದ ಭಾಗಗಳನ್ನು ಹಿಡಿದಿಡುವುದು ಬೋಲ್ಟ್‌ಗಳೇ. ಒಂದು ಬೋಲ್ಟ್ ತುಂಡಾದರೆ, ಅದೇ ಗಾತ್ರದ್ದೆಂದು ಸಿಕ್ಕಿದ್ದನ್ನು ತಂದು ಬಿಗಿಯುವುದು ರೂಢಿಯಲ್ಲಿದೆ. ಗಾತ್ರ ಒಂದೇ ಆದ ಮಾತ್ರಕ್ಕೆ ಬಲವೂ ಒಂದೇ ಆಗಿರುವುದಿಲ್ಲ. ತಿರುಗುವ ರೋಟವೇಟರ್‌ನಿಂದ ಕಳಚಿದ ಅಲಗು ಹಿಂದೆ ನಿಂತವರ ಪ್ರಾಣಕ್ಕೇ ಎರವಾಗಬಲ್ಲದು.

ತಲೆಯ ಮೇಲಿನ ಅಂಕಿಗಳು

ಭಾರತೀಯ ಮಾನಕ ಐ.ಎಸ್. 1367ರ ಪ್ರಕಾರ ಬೋಲ್ಟ್‌ಗಳಿಗೆ 4.6, 8.8, 10.9, 12.9 ಮುಂತಾದ ದರ್ಜೆಗಳಿವೆ. ಮೊದಲ ಅಂಕಿಯನ್ನು 100ರಿಂದ ಗುಣಿಸಿದರೆ, ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತಕ್ಕೆ ಬೋಲ್ಟ್ ತುಂಡಾಗುತ್ತದೆ ಎಂಬುದು ತಿಳಿಯುತ್ತದೆ. ಎರಡನೆಯ ಅಂಕಿಯು, ಆ ಬಲದ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟ್ ಶಾಶ್ವತವಾಗಿ ಹಿಗ್ಗುತ್ತದೆ ಎಂಬುದನ್ನು ಸೂಚಿಸುತ್ತದೆ. ಅಂದರೆ 8.8 ದರ್ಜೆಯದು 800ಕ್ಕೆ ತುಂಡಾಗುತ್ತದೆ, 640ಕ್ಕೆ ಹಿಗ್ಗುತ್ತದೆ.

ಎಂ-12 ಬೋಲ್ಟನ್ನೇ ನೋಡಿ. 4.6 ದರ್ಜೆಯದು ಸುಮಾರು 2 ಟನ್ ಎಳೆತಕ್ಕೆ ಹಿಗ್ಗತೊಡಗುತ್ತದೆ, 8.8 ದರ್ಜೆಯದು ಸುಮಾರು ಐದೂವರೆ ಟನ್‌ವರೆಗೆ ತಾಳುತ್ತದೆ. ಅಂಗಡಿಯ ಮೇಜಿನ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ‘ಹೈಟೆನ್ಸೈಲ್’ ಎಂಬ ಬಾಯಿಮಾತನ್ನು ನಂಬದೆ ತಲೆಯ ಮೇಲಿನ ಅಂಕಿಯನ್ನೂ ತಯಾರಕರ ಗುರುತನ್ನೂ ನೋಡಿಯೇ ಕೊಳ್ಳಿ. ಗುರುತೇ ಇಲ್ಲದ ಬೋಲ್ಟನ್ನು ಸಾಧಾರಣ ಕಬ್ಬಿಣದ್ದೆಂದು ಪರಿಗಣಿಸುವುದು ಕ್ಷೇಮ.

ಹಳೆಯ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಇಂಚು ಅಳತೆಯ ಬೋಲ್ಟ್‌ಗಳಿರುತ್ತವೆ. ಅವುಗಳ ತಲೆಯ ಮೇಲೆ ಅಂಕಿಗಳ ಬದಲು ಗೆರೆಗಳಿರುತ್ತವೆ: ಮೂರು ಗೆರೆಯದು ಗ್ರೇಡ್ 5 (ಸ್ಥೂಲವಾಗಿ 8.8ಕ್ಕೆ ಸಮ), ಆರು ಗೆರೆಯದು ಗ್ರೇಡ್ 8 (10.9ರ ಸಮೀಪ). ಗ್ರೇಡ್ 8 ಮತ್ತು 8.8 ಬೇರೆ ಬೇರೆ ಎಂಬುದು ನೆನಪಿರಲಿ. ಅರ್ಧ ಇಂಚಿನ ಬೋಲ್ಟಿಗೆ ಎಂ-12 ನಟ್ ಹೊಂದುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ತ್ರೆಡ್ ಕೆಡುತ್ತದೆ.

ನಟ್ ಕೂಡ ಅದೇ ದರ್ಜೆಯದಿರಲಿ

8.8 ಬೋಲ್ಟಿಗೆ ‘8’ ಎಂದು ಗುರುತಿರುವ ನಟ್, 10.9ಕ್ಕೆ ‘10’ರ ನಟ್ ಬಳಸಬೇಕು. ದುರ್ಬಲ ನಟ್‌ನ ತ್ರೆಡ್ ಒಳಗೊಳಗೇ ಕಿತ್ತುಬರುತ್ತದೆ. ತುಂಡಾದ ಬೋಲ್ಟ್ ಕಣ್ಣಿಗೆ ಬೀಳುತ್ತದೆ, ತ್ರೆಡ್ ಸವೆದ ನಟ್ ಬೀಳುವುದಿಲ್ಲ. ಕಂಪನವಿರುವ ಕಡೆ ನೈಲಾನ್ ಉಂಗುರದ ನಟ್ ಒಳ್ಳೆಯದು. ಆದರೆ ಬಿಸಿಯಾಗುವ ಸೈಲೆನ್ಸರ್ ಬಳಿ ಅದು ಬೇಡ.

ಹೆಚ್ಚು ಬಲ ಎಲ್ಲೆಡೆಯೂ ಸಲ್ಲದು

ಕೆಲವು ಉಪಕರಣಗಳ ಪಿ.ಟಿ.ಓ. ಶಾಫ್ಟಿನಲ್ಲಿ ‘ಶಿಯರ್ ಬೋಲ್ಟ್’ ಇರುತ್ತದೆ. ಅಲಗು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಾಗ ತಾನು ತುಂಡಾಗಿ ಗೇರ್‌ಬಾಕ್ಸನ್ನು ಉಳಿಸುವುದೇ ಅದರ ಕೆಲಸ. ಪದೇ ಪದೇ ತುಂಡಾಗುತ್ತದೆಂದು ಅಲ್ಲಿ 10.9 ಹಾಕಿದರೆ ಮುಂದಿನ ಪೆಟ್ಟು ಗೇರ್‌ಬಾಕ್ಸಿಗೇ ಬೀಳುತ್ತದೆ. ಅರಸೀಕೆರೆಯಂತಹ ಕಲ್ಲುನೆಲದಲ್ಲಿ ಕೈಪಿಡಿ ಸೂಚಿಸಿದ ದರ್ಜೆಯ ನಾಲ್ಕಾರು ಬಿಡಿ ಬೋಲ್ಟ್‌ಗಳನ್ನು ಟ್ರ್ಯಾಕ್ಟರಿನಲ್ಲಿ ಇಟ್ಟುಕೊಂಡಿರಿ.

ಮಲೆನಾಡಿನ ಅಂಚಿನ ಬೇಲೂರಿನಲ್ಲಿ ತುಕ್ಕಿನ ಭಯದಿಂದ ಸ್ಟೇನ್‌ಲೆಸ್ ಬೋಲ್ಟ್ ಬಯಸುವವರಿದ್ದಾರೆ. ಎ2-70 ಗುರುತಿನ ಸ್ಟೇನ್‌ಲೆಸ್ ಬೋಲ್ಟಿನ ಬಲ 700 ಮಾತ್ರ, 8.8 ಇದ್ದ ಜಾಗಕ್ಕೆ ಅದು ಬದಲಿಯಲ್ಲ. ಸತು ಲೇಪಿತ 8.8 ಬಳಸಿ, ಗ್ರೀಸ್ ಸವರುವುದು ಮೇಲು.

ಬಿಗಿಯುವಾಗ

ಎಣ್ಣೆ ಸವರಿದ ಎಂ-12, 8.8 ಬೋಲ್ಟಿಗೆ ಸುಮಾರು 80 ನ್ಯೂಟನ್-ಮೀಟರ್ ಬಿಗಿ ಬೇಕು. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 32 ಕಿ.ಗ್ರಾಂ.ನಷ್ಟು ಒತ್ತುವುದಕ್ಕೆ ಇದು ಸಮ. ಅದೇ ಗಾತ್ರದ 4.6ಕ್ಕೆ ಸುಮಾರು 30 ಸಾಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ಬೋಲ್ಟ್ ಕೆಲಸಕ್ಕೆ ಮುನ್ನವೇ ಹಿಗ್ಗಿರುತ್ತದೆ. ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸಿ. ಹೊಸ ಅಲಗು ಜೋಡಿಸಿ ಒಂದು ಗಂಟೆ ಉಳುಮೆಯಾದ ಬಳಿಕ ಎಂಜಿನ್ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ.

ಗ್ಯಾಸ್ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಬಿಚ್ಚಿದ ಅಥವಾ ತಲೆಗೆ ವೆಲ್ಡಿಂಗ್ ತಗುಲಿದ 8.8, 10.9 ಬೋಲ್ಟ್‌ಗಳು ಹದ ಕಳೆದುಕೊಂಡಿರುತ್ತವೆ. ಅಂಕಿ ಹಾಗೆಯೇ ಉಳಿದಿದ್ದರೂ ಅವನ್ನು ಮರಳಿ ಬಳಸಬೇಡಿ. ತೆಂಗಿನ ತೋಟಗಳ ಆಳವಾದ ಕೊಳವೆಬಾವಿಗಳಿಂದ ಪಂಪು ಎತ್ತುವಾಗ ಪೈಪು ಹಿಡಿಯುವ ಕ್ಲ್ಯಾಂಪಿನ ಬೋಲ್ಟ್‌ಗಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ: ಅಲ್ಲಿ ಬೋಲ್ಟ್ ಸೋತರೆ ಪಂಪು, ಪೈಪು, ಕೇಬಲ್ ಎಲ್ಲವೂ ಬಾವಿಯ ತಳ ಸೇರುತ್ತವೆ. ಎತ್ತುವ ಮುನ್ನ ಕ್ಲ್ಯಾಂಪಿನ ಪ್ರತಿ ಬೋಲ್ಟಿನ ಅಂಕಿ ಮತ್ತು ತ್ರೆಡ್ಡನ್ನು ನೀವೇ ಖುದ್ದಾಗಿ ನೋಡಿ.